ಜೋನ್ ಅಜ್ಜಿಯ ಬೂದು ಕುಂಬಳಕಾಯಿ

ನನ್ನ ಅತ್ತೆ ಶಿವಲಿಂಗವ್ವನವರಿಗೆ ದೃಷ್ಟಿಯ ವಿಷಯದಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ನವಲಗುಂದದಿಂದ ಸಿಡ್ನಿಗೆ ಬಂದವರು, ಅಲ್ಲಿನ ಲಿವರ್‌ಪೂಲ್‌ನ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಮೊದಲ ದಿನವೇ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಮನೆ ನೋಡಲು ಬಂದ ಏಜೆಂಟ್ ಇದೇನೆಂದು ಕೇಳಿದಾಗ, ಒಣಗಲು ಹಾಕಿದ್ದೇವೆ ಎಂದು ಸುಳ್ಳು ಹೇಳಿ ನಾನೇ ಪಾರಾದೆ. ಅಂಥವರನ್ನು ಟ್ರ್ಯಾಕ್ಟರ್ ಮೆರವಣಿಗೆಗೆ ಕರೆದುಕೊಂಡು ಹೋಗುವಾಗ ನಾನು ಸ್ವಲ್ಪ ಎಚ್ಚರವಾಗಿರಬೇಕಿತ್ತು.

ಅದು 2006ರ ಮಾರ್ಚ್. ಸಿಡ್ನಿಗೂ ಮೆಲ್ಬರ್ನ್‌ಗೂ ನಡುವೆ, ಹೈವೇ ಬಿಟ್ಟು ಒಳಗೆ ಹೋದರೆ ವರಬೂಲಾ ಎಂಬ ಗೋಧಿ ಸೀಮೆಯ ಊರು. ಒಂದೇ ಬೀದಿ, ಎರಡು ಪಬ್, ರೈಲು ನಿಲ್ಲುವುದನ್ನೇ ಬಿಟ್ಟ ಸ್ಟೇಷನ್. ಆ ಸ್ಟೇಷನ್ನನ್ನೇ ಊರಿನವರು ಮ್ಯೂಸಿಯಂ ಮಾಡಿ ಹೆಮ್ಮೆಪಡುತ್ತಾರೆ. ವರ್ಷಕ್ಕೊಮ್ಮೆ ಅಲ್ಲಿ ಊರ ಹಬ್ಬ. ಬೀದಿಯಲ್ಲಿ ಹಳೇ ಟ್ರ್ಯಾಕ್ಟರ್‌ಗಳ ಮೆರವಣಿಗೆ, ಹಾಲ್‌ನಲ್ಲಿ ಜ್ಯಾಮು, ಕೇಕು, ತರಕಾರಿಗಳ ಪೈಪೋಟಿ. ನನ್ನ ಗಂಡ ಶಿವಪ್ರಕಾಶ ಓದುತ್ತಿದ್ದಾಗ ಸುಗ್ಗಿಯಲ್ಲಿ ಅಲ್ಲಿನ ಗೋಧಿ ಗೋದಾಮಿನಲ್ಲಿ ಕೆಲಸ ಮಾಡಿದವರು. ಆಗ ಅವರಿಗೆ ಅನ್ನ, ಆಸರೆ ಕೊಟ್ಟಿದ್ದು ಜ್ಯಾಕ್ ಮತ್ತು ಜೋನ್ ಎಂಬ ವಯಸ್ಸಾದ ದಂಪತಿ. ಕಾಯಂ ನೆಲೆಸುವ ಪಿಆರ್ ಬಂದು, ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಕೆಲಸ ಸಿಕ್ಕ ಮೇಲೂ ಇವರು ಆ ಹಬ್ಬ ತಪ್ಪಿಸಲಿಲ್ಲ. ಜ್ಯಾಕ್ ಟ್ರ್ಯಾಕ್ಟರ್ ಓಡಿಸುವುದು, ಇವರು ಪಕ್ಕದಲ್ಲಿ ಕೂರುವುದು. ಹಿಂದಿನ ಚಳಿಗಾಲದಲ್ಲಿ ಜ್ಯಾಕ್ ತೀರಿಕೊಂಡರು. ಈ ಸಲ ಓಡಿಸುವ ಸರದಿ ಇವರದು.

ಹಿಂದಿನ ಸಂಜೆ ನಾವು ಜೋನ್ ಮನೆ ಮುಟ್ಟಿದಾಗ ಅತ್ತೆ ಸೊಂಟನೋವೆಂದು ಹೋಗಿ ಮಲಗಿಬಿಟ್ಟರು. ಜೋನ್ ನಮಗಿಬ್ಬರಿಗೇ ತಮ್ಮ ಕುಂಬಳಕಾಯಿ ತೋರಿಸಿದರು. ಬೂದು ಬಣ್ಣದ, ದುಂಡನೆಯ, ಒಂದು ಚುಕ್ಕೆಯೂ ಇಲ್ಲದ ಕಾಯಿ. ಪ್ರತಿವರ್ಷ ಮೊದಲ ಬಹುಮಾನದ ನೀಲಿ ರಿಬ್ಬನ್ ಎದುರುಮನೆಯ ಬ್ರೂಸ್‌ಗೆ, ಎರಡನೆಯದು ಜೋನ್‌ಗೆ. ಈಗ ಮನೆ ಮಾರಿಯಾಗಿತ್ತು. ಮುಂದಿನ ತಿಂಗಳು ಅವರು ಮೆಲ್ಬರ್ನ್‌ಗೆ, ಮಗಳ ಫ್ಲ್ಯಾಟ್‌ಗೆ ಹೋಗುವವರು.

"ಬಾಲ್ಕನಿಯಲ್ಲಿ ಕುಂಬಳಬಳ್ಳಿ ಹಬ್ಬಿಸೋಕಾಗಲ್ಲ. ಇದೇ ನನ್ನ ಕೊನೇ ಕಾಯಿ. ಈ ಸಲ ಬ್ರೂಸ್ ಮುಖ ನೋಡಬೇಕು ನಾನು," ಎಂದು ಅದನ್ನು ಬಟ್ಟೆಯಿಂದ ಒರೆಸಿದರು. ಅವರಿಗೆ ಆ ರಿಬ್ಬನ್ ಎಷ್ಟು ಬೇಕಾಗಿತ್ತೆಂದು ಆ ಒರೆಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಹಾಲ್‌ನ ಹಿಂದಿನ ಮೈದಾನದಲ್ಲಿ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿದ್ದವು. ಅತ್ತೆ ನಾಲ್ಕೂ ಗಾಲಿಗಳಿಗೆ ನಿಂಬೆಹಣ್ಣು ಇಟ್ಟು, ಸಮಾಧಾನವಾಗದೆ ನಿಂತರು.

"ಮೊದಲನೇ ಸಲ ನನ್ನ ಮಗ ಹೊಡಿಯಾಂವ. ಇಷ್ಟು ಮಂದಿ ಕಣ್ಣು. ಒಂದು ಬೂದಗುಂಬಳಕಾಯಿ ಒಡೀಬೇಕಿತ್ತು."

"ಇಲ್ಲಿ ಅದೆಲ್ಲ ಸಿಗಂಗಿಲ್ಲವ್ವ, ಲಿಂಬಿಹಣ್ಣು ಸಾಕು," ಎಂದು ಇವರು ಎಂಜಿನ್ನಿನೊಳಗೆ ತಲೆ ಹಾಕಿದರು. ನಾನು ಕಾಫಿ ತರಲು ಹೋದೆ. ಆ ಹೊತ್ತಿಗೇ ಜೋನ್ ಬಂದು, ಕುಂಬಳಕಾಯಿಯನ್ನು ಪಕ್ಕದ ಹುಲ್ಲಿನ ಪೆಂಡಿಯ ಮೇಲಿಟ್ಟು, ಸ್ಪರ್ಧೆಯ ಚೀಟಿ ತರಲು ಒಳಗೆ ಹೋಗಿದ್ದಾರೆ. ಟ್ರ್ಯಾಕ್ಟರ್ ಪಕ್ಕದಲ್ಲೇ, ಬೂದು ಬಣ್ಣದ ಕಾಯಿ. ನಮ್ಮತ್ತೆ ಇನ್ನೇನು ತಿಳಿದಾರು?

ನಾನು ಕಾಫಿ ಹಿಡಿದು ಬರುವಾಗ ಅವರು ಕಾಯಿಯ ನೆತ್ತಿ ಕೊರೆದು, ಕುಂಕುಮ, ಚಿಲ್ಲರೆ ತುಂಬಿ, ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. "ಅತ್ತೆ, ಬೇಡ," ಎಂದೆ. ಅಷ್ಟರಲ್ಲಿ ಅದು ಟ್ರ್ಯಾಕ್ಟರಿನ ಮುಂದೆ ಬಿದ್ದು ಚೂರುಚೂರಾಯಿತು. ಒಳಗೆಲ್ಲ ಕಿತ್ತಳೆ ಬಣ್ಣ.

"ಬೆಳ್ಳಗಿಲ್ಲಲ್ಲ ಇದು," ಎಂದರು ಅತ್ತೆ.

ಚೀಟಿ ಹಿಡಿದು ಬಂದ ಜೋನ್ ಅಲ್ಲೇ ನಿಂತರು. ಮೆಲ್ಲಗೆ ಹೋಗಿ ಹುಲ್ಲಿನ ಪೆಂಡಿಯ ಮೇಲೆ, ಕಾಯಿ ಇದ್ದ ಜಾಗದಲ್ಲೇ ಕುಳಿತರು. ನನ್ನ ಗಂಡ ಕೈಯಲ್ಲಿ ಸ್ಪ್ಯಾನರ್ ಹಿಡಿದು ಬೆಪ್ಪಾಗಿ ನಿಂತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಯಾರ ಕಾಯಿ, ಯಾತಕ್ಕೆ ತಂದಿದ್ದು ಎಂದು ಅತ್ತೆಗೆ ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಅತ್ತೆ ಸೆರಗು ಸರಿಮಾಡಿಕೊಂಡು ಜೋನ್ ಮುಂದೆ ಹೋಗಿ ನಿಂತರು. "ತಪ್ಪು ನಂದು, ಜೋನವ್ವ. ವೇದಾ, ಇದನ್ನ ಇದ್ದಂಗ ಹೇಳು ಆಕಿಗೆ." ಮದುವೆಯಾದಂದಿನಿಂದ ತಪ್ಪು ನಂದು ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ.

"ಯಾಕೆ ಒಡೆದರಂತೆ?" ಎಂದು ಜೋನ್ ಕೇಳಿದರು.

"ಗಾಡಿ ಓಡಿಸೋರಿಗೆ ಯಾರ ಕೆಟ್ಟ ಕಣ್ಣೂ ತಾಗದಿರಲಿ ಅಂತ."

ಜೋನ್ ನನ್ನ ಗಂಡನನ್ನು ಒಮ್ಮೆ, ನೆಲದ ಮೇಲಿನ ಚೂರುಗಳನ್ನು ಒಮ್ಮೆ ನೋಡಿದರು. ಮೂಗು ಒರೆಸಿಕೊಂಡರು. "ಬ್ರೂಸ್ ಕಣ್ಣೂ ಅದರಲ್ಲಿ ಹೋಯಿತೇನು ಕೇಳು."

"ಎಲ್ಲಾರದೂ ಹೋತು," ಎಂದರು ಅತ್ತೆ.

ಜೋನ್ ನಕ್ಕರು, ಪೂರ್ತಿ ನಗುವಲ್ಲ. ಕೈಯಲ್ಲಿದ್ದ ಚೀಟಿ ಮಡಚಿದರು. "ಇನ್ನು ಹಾಲ್‌ನಲ್ಲಿ ನನಗೇನು ಕೆಲಸ?"

ನಾನು ಅದನ್ನು ಹೇಳುತ್ತಿದ್ದಂತೆ ಅತ್ತೆ ಅವರ ತೋಳು ಹಿಡಿದು ಎಬ್ಬಿಸಿ, ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್‌ಗೆ ಹತ್ತಿಸಿದರು. ನಾವಿಬ್ಬರೂ ಹಿಂದೆಯೇ ಹತ್ತಿದೆವು. ಮೆರವಣಿಗೆಯ ಗಾಡಿ ಹತ್ತುವುದು ಜೋನ್‌ಗೆ ಇದೇ ಮೊದಲು. ಪ್ರತಿವರ್ಷ ಅದೇ ಹೊತ್ತಿಗೆ ಒಳಗೆ ತೀರ್ಪುಗಾರರು ಬರುತ್ತಿದ್ದರಂತೆ. ಕಾಯಿ ಬಿಟ್ಟು ಅಲ್ಲಾಡಲು ಅವರಿಗೆ ಮನಸ್ಸಾಗುತ್ತಿರಲಿಲ್ಲ.

ಬೀದಿಯ ಎರಡೂ ಕಡೆ ಊರೇ ನಿಂತಿತ್ತು. ಜನ ಜೋನ್ ಹೆಸರು ಹಿಡಿದು ಕೂಗಿದರು. ಅತ್ತೆ ಅದು ತಮಗೇ ಎಂಬಂತೆ ಎಲ್ಲರಿಗೂ ಕೈಮುಗಿದರು. ಹಾಲ್‌ನ ಮುಂಬಾಗಿಲು ಬಂದಾಗ ಇವರು ಟ್ರ್ಯಾಕ್ಟರನ್ನು ತೀರಾ ನಿಧಾನ ಮಾಡಿದರು.

"ಯಾಕೆ, ಕೆಟ್ಟಿತಾ?" ಎಂದು ಜೋನ್ ಕೇಳಿದರು. "ಒಳಗೆ ನಿಂತಿದ್ದಾಗ ಪ್ರತಿ ಸಲ ಇಲ್ಲೇ ಸದ್ದು ಇಳಿಯೋದು ಕೇಳಿಸ್ತಿತ್ತು. ಜ್ಯಾಕ್‌ಗೆ ಬಯ್ಯುತ್ತಿದ್ದೆ, ಎಂಜಿನ್ ರಿಪೇರಿ ಮಾಡಿಸು ಅಂತ."

ಇವರು ಹಿಂದೆ ತಿರುಗಿದರು. "ಎಂಜಿನ್ ಸರಿಯಾಗೇ ಇದೆ ಜೋನ್. ಜ್ಯಾಕ್ ಬೇಕಂತಲೇ ಇಲ್ಲಿ ನಿಧಾನ ಮಾಡೋರು. ಬಾಗಿಲ ಕಡೆ ನೋಡೋರು. ಈ ಸಲ ಹೊರಗೆ ಬರ್ತಾಳೆ ನೋಡು ಅನ್ನೋರು ನನ್ನ ಹತ್ತಿರ."

ಜೋನ್ ಬಾಗಿಲ ಕಡೆ ತಿರುಗಿ ನೋಡಿದರು. "ಒಂದು ಸಲವೂ ಬರಲಿಲ್ಲ ನಾನು," ಎಂದರು ಆಮೇಲೆ.

"ಏನಂತಾಳ ಆಕಿ?" ಎಂದರು ಅತ್ತೆ. ಹೇಳಿದೆ. ಜ್ಯಾಕ್ ಕಾಯುತ್ತಿದ್ದುದನ್ನೂ ಹೇಳಿದೆ. ಅವರು ಯೋಚಿಸಲೂ ಇಲ್ಲ. "ಶಿವಪ್ಪಾ, ಗಾಡಿ ನಿಂದರಸು. ಜೋನವ್ವ ಇಳದು ಆ ಬಾಗಲದಾಗ ನಿಂದರಲಿ. ನೀ ಇನ್ನೊಂದು ಸುತ್ತು ಹೊಡಿ."

ಗಾಡಿ ನಿಂತಿತು, ಜೋನ್ ಇಳಿದರು. ಹಿಂದಿನ ಟ್ರ್ಯಾಕ್ಟರ್‌ನವನು ಹಾರ್ನ್ ಹೊಡೆದ. ಸಾಲು ತಪ್ಪಿದ್ದಕ್ಕೆ ಮೆರವಣಿಗೆ ನೋಡಿಕೊಳ್ಳುವ ಹಳದಿ ಜಾಕೆಟ್‌ನವನೊಬ್ಬ ಓಡಿ ಬಂದ. ಇವರು ಯಾರಿಗೂ ಕಿವಿಗೊಡದೆ ಪಬ್ಬಿನ ಹಿಂದಿನ ಓಣಿಗೆ ತಿರುಗಿಸಿ, ಮತ್ತೆ ಬೀದಿಯ ತಲೆಗೆ ಬಂದರು. ಹಾಲ್ ಹತ್ತಿರವಾದಂತೆ ಎಂಜಿನ್ ಸದ್ದು ಇಳಿಸಿದರು.

ಜೋನ್ ಬಾಗಿಲಿನ ಒಳಗಿದ್ದರು. ಸದ್ದು ಕೇಳಿ ಹೊರಗೆ ಬಂದು, ಮೆಟ್ಟಿಲಿಳಿದು, ಬೀದಿಯ ಅಂಚಿಗೇ ಬಂದು ಕೈ ಬೀಸಿದರು. ಅವರು ಬೀಸಿದ್ದು ನಮಗಲ್ಲವೆಂದು ಗಾಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಅತ್ತೆ ಟ್ರೇಲರ್‌ನಲ್ಲಿ ಎದ್ದು ನಿಂತು, ಎರಡೂ ಕೈ ಎತ್ತಿ ಬೀಸಿದರು.