ಗೋಡೆಗೆ ನೀರು

"ಏನಮ್ಮಾ ಗುರುದೇವಿ, ಗೋಡೆಗೆ ತೀರ್ಥ ಪ್ರೋಕ್ಷಣೆ ಮಾಡ್ತಿದ್ದೀಯಾ? ನೀರು ಹೊಡಿ ಅಂದ್ರೆ ಹೊಡೀಬೇಕು. ಹೊಡೆದಷ್ಟೂ ಗಟ್ಟಿಯಾಗೋದು ಅದು. ನಿಮ್ಮೂರಲ್ಲಿ ನೀರೇ ನೋಡಿಲ್ವೇನೋ, ಪೈಪು ಹಿಡಿಯೋಕೂ ಬರಲ್ಲ ನಿಂಗೆ."

ಪ್ರೊಫೆಸರ್ ಜನಾರ್ದನರು ಪ್ಯಾಂಟಿನ ಕಾಲು ಮಡಚಿ, ಕೊಡೆ ಹಿಡಿದು ಮರಳ ಗುಡ್ಡೆಯ ಮೇಲೆ ನಿಂತಿದ್ದರು. ಗುರುದೇವಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಳು. ನೀರು ಗೋಡೆಗೆ ರಪ್ಪನೆ ಬಡಿಯಿತು. ನಾನು ಸಿಮೆಂಟ್ ಚೀಲಗಳ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದೆ. ಚೀಲ ಕಾಯುವುದು, ಲೆಕ್ಕ ಬಿಡಿಸುವುದು, ಎರಡೂ ನನ್ನ ಪಾಲಿಗೆ ಬಂದಿದ್ದ ಸಂಶೋಧನೆಯೇ.

ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಊರಂಚಿನ ಮಣಿಕೊಂಡದ ಬಂಡೆಗಳಿಗೂ ಬೆಲೆ ಬಂದಿತ್ತು. ಸರ್ ಅಲ್ಲೊಂದು ಮನೆ ಎಬ್ಬಿಸುತ್ತಿದ್ದರು. ಕೆಳಗೆ ತಾವಿರುವುದು, ಮೇಲಿನದು ಕಂಪನಿಯ ಹುಡುಗರಿಗೆ ಬಾಡಿಗೆಗೆ. ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ನಾವು, ಅಂದರೆ ಬೀದರ ಕಡೆಯ ಕಾಶಿನಾಥನಾದ ನಾನು ಮತ್ತು ಸುರಪುರದ ಹತ್ತಿರದ ಗುರುದೇವಿ, ಯೂನಿವರ್ಸಿಟಿಯಿದ್ದ ತಾರ್ನಾಕದಿಂದ ಬಸ್ಸು ಬದಲಿಸಿ ಅಲ್ಲಿಗೆ ಹೋಗಬೇಕು. ಪ್ರಯೋಗ ಮಾಡುವವರಾಗಿದ್ದರೆ ಲ್ಯಾಬ್ ಬಿಟ್ಟು ಬರಲಾಗದು ಎನ್ನಬಹುದಿತ್ತು. ನಮ್ಮದು ಸೈದ್ಧಾಂತಿಕ ಭೌತಶಾಸ್ತ್ರ.

"ನಿಮಗೇನ್ರೋ, ಪೆನ್ನು, ಕಾಗದ, ತಲೆ. ಎಲ್ಲಿಗೆ ಬೇಕಾದ್ರೂ ಬರ್ತವೆ" ಎನ್ನುತ್ತಿದ್ದರು ಸರ್.

ಬೆಂಗಳೂರಿನ ಮನೋಜನೂ ನಮ್ಮ ಜೊತೆಯವನೇ. ಅವನ ತಲೆ ಮಾತ್ರ ಡಿಪಾರ್ಟ್‌ಮೆಂಟಿನ ಏಸಿ ಬಿಟ್ಟು ಬರುತ್ತಿರಲಿಲ್ಲ. ಅವನ ಇಂಗ್ಲಿಷಿಗೆ ಧೂಳು ಆಗಿಬರುವುದಿಲ್ಲವಂತೆ.

ಗೋಡೆ ಕೆಲಸದವರು ದ್ಯಾವಪ್ಪ ಮತ್ತು ಗದಿಗೆಮ್ಮ. ಯಾದಗಿರಿ ಕಡೆಯಿಂದ ದುಡಿಯಲು ಬಂದವರು. "ನಿಮ್ಮ ಜನ, ನಿಮ್ಮ ಮಾತು. ನಾಲ್ಕು ಬೈದು ಕೆಲಸ ತೆಗಿ" ಎಂದು ಸರ್ ಗುರುದೇವಿಯನ್ನು ಅಟ್ಟುತ್ತಿದ್ದರು. ಅವಳು ಹೋಗುತ್ತಿದ್ದಳು.

"ದ್ಯಾವಪ್ಪ ಕಾಕಾ, ನಿನ್ನ ಬೈಯಾಕ ಕಳಿಸ್ಯಾರ. ಬೈದೀನಿ ಅಂತ ತಿಳ್ಕೊ."

"ತಿಳ್ಕೊಂಡೆ ಬಿಡವ್ವಾ. ಭಾಳ ಬಿರುಸು ಬೈದಿ ಅಂತ ಹೇಳು ಆ ಮುಕಳ್ಯಾಗ್ ಮೆಣಸಿನಕಾಯಿ ಹೊಕ್ಕಾಂವಗ."

ಒಂದು ದಿನ ಗದಿಗೆಮ್ಮ ನೀರಿನ ಕ್ಯಾನಿನ ಮೇಲಿದ್ದ ಲೋಟಕ್ಕೆ ಕೈ ಹಾಕಿದ್ದಳು. "ಏಯ್, ಅದು ಯೂನಿವರ್ಸಿಟಿಯವರಿಗೆ! ನೀನು ಪೈಪಲ್ಲಿ ಕುಡಿ" ಎಂದು ಸರ್ ಕೂಗಿದರು. ಅಂದಿನಿಂದ ಗುರುದೇವಿಯೂ ಪೈಪಿನಲ್ಲೇ ಕುಡಿದಳು. ಸರ್ ಗಮನಿಸಲಿಲ್ಲ.

ಗುರುದೇವಿಯ ಅವ್ವ ಭಜನೆ ಮೇಳದಲ್ಲಿ ಹಾಡುವವಳು. ಮಗಳಿಗೆ ಲೆಕ್ಕವೂ ಪದದ ಧಾಟಿಯಲ್ಲೇ ಬರುತ್ತಿತ್ತು. ಕಪ್ಪುಕುಳಿಯ ಅಂಚಿನಲ್ಲಿ ಶಾಖ ಹೇಗೆ ಸೋರುತ್ತದೆ ಎಂಬ ನಮ್ಮ ಲೆಕ್ಕ ಒಂದು ಕಡೆ ಸಿಕ್ಕಿಕೊಂಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಅವಳ ಕಾಗದಗಳನ್ನು ಗಾಳಿ ಹೊತ್ತೊಯ್ದಿತು. ಅವಳು ಗದಿಗೆಮ್ಮನ ಒಲೆಯಿಂದ ಇದ್ದಿಲು ತಂದು, ಗುನುಗುತ್ತಾ ಮುಂದಿನ ಹಾಲ್‌ನ ಗೋಡೆಗೆ ಹಚ್ಚಿದ್ದ ಒರಟು ಗಿಲಾವಿನ ಮೇಲೆ ಬರೆಯುತ್ತಾ ಹೋದಳು. ಗಂಟು ಬಿಚ್ಚಿತು.

ಸರ್ ಬಂದು ನೋಡಿದರು. ಮನೆಯೊಳಗೂ ಹಿಡಿದಿದ್ದ ಕೊಡೆ ತಾನಾಗಿ ಕೆಳಗಿಳಿಯಿತು.

"ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ ಸರ್."

"ಹೂಂ. ಕಾಗದಕ್ಕಿಳಿಸಿ ಮನೋಜಂಗೆ ಕೊಡು. ಟೈಪ್ ಮಾಡ್ಲಿ."

ಮನೋಜ ಟೈಪ್ ಮಾಡಿದ. ಇಟಲಿಯ ಸಮ್ಮೇಳನಕ್ಕೆ ಹೋಗಿ ಆ ಪೇಪರ್ ಓದಿಯೂ ಬಂದ. ನಮ್ಮ ವಿಷಯದಲ್ಲಿ ಲೇಖಕರ ಹೆಸರು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರುವುದು ವಾಡಿಕೆ. "ಯಾರೂ ಮೇಲಲ್ಲ, ಯಾರೂ ಕೆಳಗಲ್ಲ" ಎಂದು ಸರ್ ನಾವು ಸೇರಿದ ದಿನವೇ ಕನ್ನಡಕ ಒರೆಸಿಕೊಂಡು ಹೇಳಿದ್ದರು. ಆ ಕ್ರಮದಲ್ಲಿ ಗುರುದೇವಿ ಎಲ್ಲರಿಗಿಂತ ಮೊದಲು ಬರಬೇಕು. ಅಚ್ಚಾದ ಪೇಪರಿನಲ್ಲಿ ಜನಾರ್ದನ, ಮನೋಜ ಎಂದಷ್ಟೇ ಇತ್ತು. ಕಟ್ಟಕಡೆಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: 'ಉಪಯುಕ್ತ ಚರ್ಚೆಗಾಗಿ ಗುರುದೇವಿಯವರಿಗೆ ಧನ್ಯವಾದ.'

"ಚರ್ಚಾ ಯಾವಾಗ ಆಗೇತ್ರಿ ಸರ್? ಮರಳು ಜರಡಿ ಹಿಡಿಯೋದರ ಮ್ಯಾಲ ಆಗೇತಿ, ಅಷ್ಟ."

"ನೋಡಮ್ಮ, ಹೊಳೆಯೋದು ಬೇರೆ, ಬರೆಯೋದು ಬೇರೆ. ಮುಂದಿನ ವರ್ಷ ನಿಂಗೆ ಇನ್ನೊಂದು ಹೊಳೆಯುತ್ತೆ."

"ನನ್ನ ಹೆಸರಿನ ಪೇಪರ್ ಇಲ್ದ ಥೀಸಿಸ್ ತಗೊಳಂಗಿಲ್ರಿ. ಸ್ಕಾಲರ್‌ಶಿಪ್ಪೂ ಮುಗಿಯಾಕ ಬಂದೈತಿ. ಮುಂದಿನ ವರ್ಷ ನಾ ಎಲ್ಲಿರ್ತೀನ್ರಿ?"

"ಅಮೀರ್‌ಪೇಟೆ ತುಂಬ ಕಂಪ್ಯೂಟರ್ ಜಾವಾ ಕಲಿಸೋ ಅಂಗಡಿ ಇದೆಯಲ್ಲ, ಹೋಗಿ ಸೇರ್ಕೋ! ಥೀಸಿಸ್ಸಿಗೆ ನನ್ನ ಸಹಿ ಬೇಕು, ನೆನಪಿರಲಿ. ಸೋಮವಾರ ಡಿಪಾರ್ಟ್‌ಮೆಂಟ್ ಹೆಡ್ಡನ್ನ ಮನೆ ತೋರ್ಸೋಕೆ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಹಾಲಿನ ಗೋಡೆ ಮುಗಿಸು. ಆ ಇದ್ದಿಲಿನ ಗಲೀಜೂ ಮುಚ್ಚಿಸು."

ಶನಿವಾರ ದ್ಯಾವಪ್ಪ ಕೊನೆಯ ಗಿಲಾವು ಎಳೆದ. ಅವನ ಕರಣೆ ಹೋದಲ್ಲೆಲ್ಲ ಇದ್ದಿಲಿನ ಸಾಲು ಒಂದೊಂದಾಗಿ ಒಳಗೆ ಹೋಯಿತು. ಗುರುದೇವಿ ಕೊನೆಯ ಸಾಲಿನವರೆಗೂ ನೋಡುತ್ತಾ ನಿಂತಿದ್ದಳು.

"ಕಾಕಾ, ಒಂದು ಮೊಳಿ ಕೊಡು."

"ಯಾಕವ್ವ?"

"ಹಸಿ ಐತಲ್ಲ."

"ಏ ಹುಚ್ಚಿ, ಒಣಗಿದ್ರ ಹೋಗಂಗಿಲ್ಲ ಮತ್ತ!"

"ಅದಕ್ಕ."

ದ್ಯಾವಪ್ಪ ಕಿವಿ ಕೆರೆದುಕೊಂಡು ಮೊಳೆ ಕೊಟ್ಟ. ಗದಿಗೆಮ್ಮ ಡಾಂಬರಿನ ಡ್ರಮ್ಮು ಉರುಳಿಸಿ ತಂದು ನಿಲ್ಲಿಸಿ ಹಿಡಿದಳು. ಗುರುದೇವಿ ಮೇಲೆ ಹತ್ತಿ, ಗುನುಗುತ್ತಾ, ಇಡೀ ಲೆಕ್ಕವನ್ನು ಹಸಿ ಗೋಡೆಗೆ ಕೊರೆದಳು.

"ತೋಳಿಗಿ ಹಾಕಿದಂಗ ಗ್ವಾಡಿಗಿ ಹಚ್ಚಿ ಹಾಕಾಕತ್ತಿಯೇನ ತಂಗಿ?"

"ಹೂಂ ಯಕ್ಕಾ. ಚರ್ಮ ಸುಲದರೂ ಹೋಗಬಾರದು."

ಕೆಳಗೆ ಕನ್ನಡದಲ್ಲಿ 'ಗುರುದೇವಿ' ಎಂದು ದಪ್ಪಗೆ ಬರೆದಳು. ಅದರ ಕೆಳಗೆ ಸಣ್ಣಕ್ಷರದಲ್ಲಿ: 'ಉಪಯುಕ್ತ ಚರ್ಚೆಗಾಗಿ ಧನ್ಯವಾದ: ಕಾಶಿನಾಥ, ಗದಿಗೆಮ್ಮ, ಜನಾರ್ದನ, ದ್ಯಾವಪ್ಪ.'

"ಸರ್ ಹೆಸರು ನಡುವ ಬಂತಲ್ಲವಾ" ಎಂದೆ.

"ಅಕ್ಷರಮಾಲೆಯಪ್ಪಾ. ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ."

ಸೋಮವಾರ ಹೆಡ್ ಸೂರ್ಯನಾರಾಯಣ ಬಂದರು. ತೆಲುಗಿನವರು, ಮಿತಭಾಷಿ. ಹಾಲಿನೊಳಗೆ ಕಾಲಿಟ್ಟವರು ಗೋಡೆಯ ಮುಂದೆ ನಿಂತುಬಿಟ್ಟರು. ಮೇಲಿನಿಂದ ಓದುತ್ತಾ ಬಂದರು. ಒಂದು ಕಡೆ ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ ಬಂದರು. ನಮ್ಮ ಅಕ್ಷರ ಅವರ ಅಕ್ಷರಕ್ಕೆ ದೂರವೇನಲ್ಲ. ಹೆಸರಿನ ಮೇಲೆ ಬೆರಳಿಟ್ಟು ಕೂಡಿಸಿಕೊಂಡು ಓದಿದರು.

"ಇದಿ ಮೀ ಇಟಲಿ ಪೇಪರೇ ಕದಾ, ಜನಾರ್ದನ್ ಗಾರೂ? ಎವರಂಡಿ ಈ ಗುರುದೇವಿ?" ಇದು ನಿಮ್ಮ ಇಟಲಿ ಪೇಪರೇ ಅಲ್ಲವೇ, ಯಾರೀ ಗುರುದೇವಿ ಎಂದು ಅವರು ಕೇಳಿದ್ದು.

ಸರ್ ದ್ಯಾವಪ್ಪನ ಕಡೆ ತಿರುಗಿದರು. "ಏಯ್, ಕೆರೆದು ಹಾಕಯ್ಯ ಇದನ್ನ!"

"ಕೆರದ್ರ ಒಳಗಿನ ಗಿಲಾವು ಕಾಣತೈತ್ರಿ ಸಾಹೇಬ್ರ. ಅದರಾಗ ಇದ್ದಿಲಿಲೆ ಇದ ಬರದೈತಿ."

"ಗುರುದೇವಿ! ಏನ್ ಮಾಡ್ತಿದ್ದೀಯ ನೀನು?"

ಅವಳು ಪೈಪು ಎಳೆದುಕೊಂಡು ಗೋಡೆಯ ಎದುರಿಗೆ ಬಂದಿದ್ದಳು.

"ನೀರು ಹೊಡಿಯಾಕತ್ತೀನ್ರಿ ಸರ್. ಹೊಡದಷ್ಟೂ ಗಟ್ಟಿ ಆಗತೈತಿ ಅಂತ ನೀವ ಹೇಳೀರಲ್ರಿ."

ಹೆಬ್ಬೆರಳು ಒತ್ತಿದಳು. ನೀರು ರಪ್ಪನೆ ಬಡಿದು ಕೊರೆದ ಗೀರುಗಳಲ್ಲಿ ಇಳಿಯಿತು, ಅವು ಸಾಲುಸಾಲಾಗಿ ಹೊಳೆಯತೊಡಗಿದವು. ಹನಿಗಳು ಸರ್ ಬೂಟಿಗೂ ಹಾರಿದವು. ಹೆಡ್ಡರ ಬೆರಳು ಇನ್ನೂ ಹೆಸರಿನ ಮೇಲೇ ಇತ್ತು, ತೋಳೆಲ್ಲ ತೊಯ್ದಿತ್ತು.