ನೂರರಲ್ಲಿ ಐದಾರು

ಮರುದಿನ ಹತ್ತು ಗಂಟೆಯೊಳಗೆ ಆಸ್ಪತ್ರೆಗೆ ಉತ್ತರ ಹೇಳಬೇಕಿತ್ತು. ನಾನೋ, ಅಂಗಡಿಯಲ್ಲಿ ಕೂತು, ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತೊಟ್ಟು, ಕೀಲಿ ಕಳೆದುಹೋದ ಬೀಗವೊಂದನ್ನು ತೆರೆಯಲು ಒದ್ದಾಡುತ್ತಿದ್ದೆ.

ಬೀಗ ರಿಪೇರಿ ಕಣ್ಣಿನ ಕೆಲಸವಲ್ಲ. ತಂತಿಯನ್ನು ಒಳಗೆ ಬಿಟ್ಟು, ಒಂದೊಂದೇ ಪಿನ್ನು ಎದ್ದು ಕೂರುವ ಸಣ್ಣ ಸದ್ದನ್ನು ಬೆರಳ ತುದಿಯಲ್ಲೇ ಕೇಳಿಸಿಕೊಳ್ಳಬೇಕು. ನನ್ನ ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆದು ಆರು ವಾರವಾಗಿತ್ತು. ಅದು ಮತ್ತೆ ಬಾರದಿರಲೆಂದು ಇನ್ನು ಆರು ತಿಂಗಳು ಕೀಮೋ ಕೊಡಬಹುದು ಎಂದಿದ್ದರು ಡಾಕ್ಟರು. ಅದರಿಂದ ಬೆರಳು ಮರಗಟ್ಟಬಹುದು, ಕೆಲವರಿಗೆ ಹಾಗೆಯೇ ಉಳಿದುಬಿಡಬಹುದು. ಹೇಗಿರುತ್ತದೋ ನೋಡೋಣವೆಂದು ಈ ಪ್ರಯೋಗ. ಮುಕ್ಕಾಲು ಗಂಟೆ ಕಳೆಯಿತು. ಬೀಗ ಬಾಯಿ ಬಿಡಲಿಲ್ಲ.

ಊಟದ ಡಬ್ಬಿ ತಂದ ಹೆಂಡತಿ ನನ್ನ ಕೈ ನೋಡಿದಳು.

"ಈ ಗ್ಲೌಸಿಗೆ ಮನೆಯೆಲ್ಲಾ ಹುಡುಕಿ ಸಾಕಾಯ್ತು. ಇಲ್ಲಿ ಯಾರ ಮನೆ ಪಾತ್ರೆ ತೊಳೀತಿದ್ದೀರಿ? ಬೀಗರು ಬೇರೆ ಫೋನ್ ಮಾಡಿದ್ರು."

ಬೀಗರೆಂದರೆ ಮಗಳ ಮಾವ. ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ನನ್ನಿಂದ ಮುಚ್ಚಲಾಗದ ಬೀಗ ಅವರೊಬ್ಬರೇ. ನಾನು ಎದೆಯುಬ್ಬಿಸಿ, ಅವರದೇ ದನಿ ತೆಗೆದು ಅವರಾದೆ. "ನೋಡಿ ಬೀಗರೇ, ನಮ್ಮ ಚಿಕ್ಕಪ್ಪನ ಷಡ್ಡಕ ಹನ್ನೆರಡು ಬಾಟ್ಲಿ ಕೀಮೋ ಏರಿಸ್ಕೊಂಡ್ರು. ಇವತ್ತಿಗೂ ಬಂಡೆ! ಬಂಡೆ ಅಂದ್ರೆ ಬಂಡೆ!"

ಅವಳು ನಕ್ಕಳು. ಹುರುಪೇರಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಡಾಕ್ಟರಾದೆ. "ನಿಮ್ಮಂಥ ನೂರು ಜನರಲ್ಲಿ ಔಷಧಿಯಿಂದ ಲಾಭ ಆಗೋದು ಐದಾರು ಜನಕ್ಕೆ. ಯಾರಿಗೆ ಅಂತ... ಹೇಳೋಕಾಗಲ್ಲ. ತೀರ್ಮಾನ ನಿಮ್ಮದು."

ಈ ಸಲ ಅವಳಿಗೆ ನಗು ಬರಲಿಲ್ಲ. "ಬೀಗರಾದ್ರಿ, ಡಾಕ್ಟರಾದ್ರಿ. ನಿಮ್ಮ ಪಾಳಿ ಯಾವಾಗ?"

"ಬೆರಳು ಹೋದ್ರೆ ಅಂಗಡಿ..."

"ಅಂಗಡಿ ಬಿಡಿ. ಕೀಲಿ ಕತ್ತರಿಸೋಕೆ ಮಿಷನ್ ಇದೆ, ನಾನಿದ್ದೀನಿ. ಒಳಗಿರೋದನ್ನ ಹೇಳಿ."

ಇನ್ಯಾರದಾದರೂ ದನಿಗಾಗಿ ತಡಕಾಡಿದೆ. ಸಿಗಲಿಲ್ಲ.

"ಸುಸ್ತಾಗಿದೆ ಕಣೇ. ಬೆರಳು ಬರೀ ನೆಪ. ಬೆಳಿಗ್ಗೆ ಶಟರ್ ಅರ್ಧ ಎತ್ತಿ ಮೆಟ್ಟಿಲ ಮೇಲೆ ಕೂತುಬಿಡ್ತೀನಿ, ಮಿಕ್ಕರ್ಧ ಪಕ್ಕದ ಟೈಲರ್ ಬಂದು ಎತ್ತುತ್ತಾನೆ. ಇನ್ನೂ ಆರು ತಿಂಗಳು ನನ್ನ ಕೈಲಾಗಲ್ಲ."

ಅವಳು ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

"ಆ ಐದಾರರಲ್ಲಿ ನೀವಿದ್ರೆ?"

"ಇರಬಹುದು."

"ಇರಬಹುದಂತೆ! ಆರು ವಾರದಿಂದ ನಿಮ್ಮ ಉಸಿರು ಎಣಿಸ್ತಾ ಮಲಗ್ತಿದ್ದೀನಿ. ಸುಸ್ತು ನನಗೂ ಇದೆ ರೀ. ಸಾಕು ಅನ್ನೋ ಹಕ್ಕು ಮಾತ್ರ ನಿಮಗೊಬ್ಬರಿಗೇ."

ಬೆಳಗಿನವರೆಗೆ ಕಾದರೆ ಅವಳ ಮುಖ ನೋಡಿ ಹೂಂ ಎಂದುಬಿಡುತ್ತೇನೆಂದು ಗೊತ್ತಿತ್ತು. ಕೈಗವಸು ಕಿತ್ತು ಆಗಲೇ ಆಸ್ಪತ್ರೆಗೆ ಫೋನ್ ಮಾಡಿದೆ.

"ಕೀಮೋ ಬೇಡ ಸಿಸ್ಟರ್. ತಪಾಸಣೆಗೆ ಕರೆದಾಗಲೆಲ್ಲ ಬರ್ತೀನಿ."

ಆಕೆ ಎರಡು ಸಲ ಕೇಳಿದರು, ನಾನು ಎರಡು ಸಲ ಹೇಳಿದೆ. "ಮನೆಯವರಿಗೆ ಗೊತ್ತಿದೆಯಾ?" ಎಂದಾಗ ಫೋನನ್ನು ಹೆಂಡತಿಯತ್ತ ಚಾಚಿದೆ.

ಅವಳು ತೆಗೆದುಕೊಳ್ಳಲು ತಡಮಾಡಿದಳು.

"ಗೊತ್ತಿದೆ. ಒಪ್ಪಿಗೆ ಅಂತ ಬರ್ಕೋಬೇಡಿ. ಗೊತ್ತಿದೆ ಅಂತಷ್ಟೇ ಬರ್ಕೊಳ್ಳಿ." ನನ್ನ ಮೇಜಿನ ಪೆನ್ಸಿಲ್ ಎತ್ತಿಕೊಂಡಳು. "ಮೊದಲ್ನೇ ತಪಾಸಣೆ ಯಾವತ್ತು? ಬೆಳಿಗ್ಗೆನಾ? ಏನೂ ತಿನ್ನದೆ ಬರ್ಬೇಕಾ?"