ಕೈ ಬದಲಿಸಿ ನೋಡು

ಬಲಗೈ ಮಾತ್ರ ಬೆಚ್ಚಗಿದೆ, ಚಹಾದ ಗ್ಲಾಸು ಹಿಡಿದದ್ದಕ್ಕೆ, ಎಡಗೈ ತಣ್ಣಗೆ ಮೇಜಿನ ಮೇಲೆ, ಹೊರಗೆ ಮುದ್ದೇಬಿಹಾಳದ ಎಪಿಎಂಸಿಗೆ ಹೊರಟ ಟೆಂಪೋದ ಹಾರನ್ನು, ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಬುಶ್ರಾ ಒಬ್ಬಳೇ — ಪರದೆಯ ಮೇಲೆ ಆ ಚುಕ್ಕೆ, ಆರು ತಿಂಗಳಿಂದ ತಲೆ ತಿಂದ ಚುಕ್ಕೆ, ಇದೆಯೋ ಇಲ್ಲವೋ. ಗೈಡ್ ಸಂಗಣ್ಣ ಸರ್ ಹೋದ ವಾರವೇ ಕಡ್ಡಿ ಮುರಿದಂತೆ ಹೇಳಿಬಿಟ್ಟರು, ನೋಡವ್ವಾ ಬುಶ್ರಾ, ಅದು ಆಕಾಶದಾಗಿನ ಚಿಕ್ಕಿ ಅಲ್ಲ, ಯಂತ್ರದ ಗದ್ದಲ, ಸೋಮವಾರದೊಳಗ ಸಾಬೀತು ಮಾಡು, ಇಲ್ಲಂದ್ರ ಆ ಅಧ್ಯಾಯ ತಗದಬಿಡು. ಇವತ್ತು ಸೋಮವಾರ. ಅಧ್ಯಾಯ ತೆಗೆದರೆ ನಾಲ್ಕು ವರ್ಷದ ಪಿಎಚ್‌ಡಿಯಲ್ಲಿ ಉಳಿಯುವುದೇನು, ಬರೀ ಹೊರಗಿನ ರಟ್ಟು. ಕಣ್ಣಿಗೆ ಕಾಣುವ ಬೆಳಕಲ್ಲ ಅದು, ದೂರ ಅವಕೆಂಪು, ಬರೀ ಕಾವು, ಧೂಳಿನ ಮೋಡದೊಳಗೆ ಇನ್ನೂ ಹುಟ್ಟುತ್ತಿರುವ ನಕ್ಷತ್ರದ ಕಾವು, ಅದನ್ನು ಹಿಡಿದ ಬಾಹ್ಯಾಕಾಶದ ದೂರದರ್ಶಕವೋ ತನ್ನ ಕನ್ನಡಿಯ ಕಾವಿನಲ್ಲೇ ಅದನ್ನು ಮುಚ್ಚಿಹಾಕಿದೆ — ಕೆಂಡ ಮುಚ್ಚಿದ ಬೂದಿ, ಊರಲ್ಲಿ, ಸಾಲೋಟಗಿಯ ಮನೆಯ ಒಲೆಯ ಬೂದಿ, ಬೆಳಗಾದರೆ ಅವ್ವ ರಮಜಾನಬಿ ಅದರ ಮೇಲೆ ಅಂಗೈ ಚಾಚುತ್ತಾಳೆ, ಮುಟ್ಟುವುದಿಲ್ಲ, ಕೆದಕಿದ್ರ ಕೆಂಡ ಆರ್ತೈತಿ, ನೀನೂ ಎರಡೂ ಕೈ ಹಿಡಿ, ಯಾವ ಕಡೆ ಬೆಚ್ಚಗೈತಿ — ಬಲಕ್ಕವ್ವಾ — ಹೊದ್ದ ಕೌದ್ಯಾಗ ಇಟ್ಕೊಂಡಿದ್ದ ಕೈ ಅದು, ಹುಚ್ಚಿ, ಈಗ ಕೈ ಬದಲಿಸಿ ನೋಡು, ಬಿಸಿ ಕೈ ಜೋಡಿ ಸರಿದು ಬಂದ್ರ ಕೈಯಿಂದು, ಅಲ್ಲೇ ಕುಂತ್ರ ಕೆಂಡದ್ದು.

ಬದಲಿಸಿ — ಗ್ಲಾಸು ಕೆಳಗಿಟ್ಟಳು. ದೂರದರ್ಶಕವೂ ಬದಲಿಸಿತ್ತಲ್ಲ, ಚುಕ್ಕೆಯ ಜಾಗ, ಪಕ್ಕದ ಖಾಲಿ ಆಕಾಶ, ಎರಡೂ ನೋಡಿ ಒಂದರಿಂದ ಇನ್ನೊಂದನ್ನು ಕಳೆದು, ಆಮೇಲೆ ಜಾಗ ಅದಲುಬದಲು ಮಾಡಿ ಮತ್ತೆ ನೋಡಿತ್ತು, ಆ ಎರಡನೇ ಅರ್ಧವನ್ನು ಇವಳೇ, ಮಹಾ ಜಾಣೆ, ಚುಕ್ಕೆ ಇರಬೇಕಾದಲ್ಲಿ ಕರಿ ಕುಳಿ ಬಂದಿದೆ, ಕೆಟ್ಟ ದತ್ತಾಂಶ ಎಂದು ಮೊದಲ ದಿನವೇ ಬಿಸಾಕಿದ್ದಳು. ಕುಳಿ ಬರಲೇಬೇಕಿತ್ತು, ಕಳೆಯುವುದು ತಿರುವುಮುರುವಾದರೆ ಕೆಂಡ ಕುಳಿಯಾಗಿಯೇ ಕಾಣುತ್ತದೆ, ಆ ಅರ್ಧದ ಪ್ಲಸ್ಸು ಮೈನಸ್ಸು ತಿರುಗಿಸು, ಮೊದಲರ್ಧಕ್ಕೆ ಕೂಡಿಸು — ಕರೆಂಟೇ, ಐದು ನಿಮಿಷ ಹೋಗಬೇಡ — ಪಟ್ಟೆಪಟ್ಟೆ ಗದ್ದಲ ಒಂದನ್ನೊಂದು ಹೊಡೆದುಹಾಕಿ ಮಾಯ, ನಡುವೆ ಚುಕ್ಕೆ, ಅಲ್ಲೇ ಕುಂತಿದೆ, ಗದ್ದಲಕ್ಕಿಂತ ಏಳು ಪಟ್ಟು ಎದ್ದು, ಇದೆ, ಇದೆ, ಗೆದ್ದೆ! ಫೋನಿಗೆ ಕಳಿಸಿದ ಚಿತ್ರ ನೋಡಿದ ಸರ್ ತಾವೇ ಕರೆ ಮಾಡಿ, ಅವಳು ಮಾಡಿದ್ದನ್ನೆಲ್ಲ ಕೇಳಿಸಿಕೊಂಡು, ಯಾರು ಕಲಿಸಿದ್ರವ್ವಾ ಇದನ್ನ — ನಮ್ಮವ್ವರಿ ಸರ್ — ಏನು ಓದ್ಯಾರ — ಸಾಲಿ ಕಟ್ಟಿನೂ ಹತ್ತಿಲ್ರಿ — ಹಂಗಾದ್ರ ಕೃತಜ್ಞತಾ ಪುಟದಾಗ ನನಗಿಂತ ಮೊದಲು ಅವರ ಹೆಸರು ಹಾಕು. ಖುಷಿಗೆ ಎದೆ ಒಡೆಯುವಂತಿದೆ, ಹಾಕುತ್ತಾಳೆ, ದೊಡ್ಡ ಅಕ್ಷರದಲ್ಲಿ ಹಾಕುತ್ತಾಳೆ, ರಮಜಾನಬಿ ಎಂದು ಟೈಪಿಸಿದಳು, ಮುಂದೆ ಏನು ಬರೆಯುವುದು, ಯಾವ ಮಾತು, ಕಣ್ಣ ಮುಂದೆ ಅವ್ವನ ಅಂಗೈ, ಬೂದಿಯ ಮೇಲೆ, ಮುಟ್ಟದೆ, ಆ ಅಂಗೈ, ಅದನ್ನೇ ಬರೆಯಬೇಕು —